ಕ್ಯಾಸನೂರಿನಿಂದ ಕಡಲ ದಂಡೆಗೆ

ತೆಂಗಿನಗುಂಡಿಯ ಬಂದರಿನಲ್ಲಿ ಕಡಲಿಗೆ ಬೆನ್ನು ಹಾಕಿ ನಿಂತು ಒಮ್ಮೆ ಪೂರ್ವಕ್ಕೆ ನೋಡಿರಿ. ದೋಣಿಗಳ ಆಚೆ, ವೆಂಕಟಾಪುರ ಹೊಳೆಯ ಆಚೆ, ತೆಂಗಿನ ತೋಟಗಳ ತಲೆಯ ಮೇಲೆ ಘಟ್ಟದ ನೀಲಿ ಸಾಲು ಕಾಣುತ್ತದೆ. ನಮ್ಮ ಜಿಲ್ಲೆಯಲ್ಲಿ ಕಡಲೂ ಕಾಡೂ ಇಷ್ಟು ಹತ್ತಿರ ಬಂದು ನಿಲ್ಲುವ ಸ್ಥಳಗಳಲ್ಲಿ ಭಟ್ಕಳ ಒಂದು. ಆದರೂ ಬಂದರಿನ ಜನರಿಗೆ ಆ ನೀಲಿ ಸಾಲು ಮಳೆಯ ಸೂಚನೆ ನೋಡುವ ಜಾಗವೇ ಹೊರತು ದಿನನಿತ್ಯದ ಬದುಕಿನ ಭಾಗವಲ್ಲ. ಕೆಲವು ವರ್ಷಗಳ ಹಿಂದೆ ಇಲ್ಲಿಯ ಒಬ್ಬ ಹಿರಿಯರು ನನ್ನನ್ನು ಕೇಳಿದರು: “ಫಾದರ್, ಮಂಗನ ಕಾಯಿಲೆ ಮಂಗನ ಕಾಯಿಲೆ ಎನ್ನುತ್ತಾರಲ್ಲ, ಅದು ಘಟ್ಟದವರ ಕಾಯಿಲೆ ಅಲ್ಲವೋ? ನಮಗೆ ಕಡಲಿನವರಿಗೆ ಅದರಿಂದ ಏನು?” ಆ ಪ್ರಶ್ನೆಗೆ ಆಗ ನಾನು ಅರ್ಧಂಬರ್ಧ ಉತ್ತರ ಕೊಟ್ಟೆ. ಈ ಲೇಖನ ಆ ಉತ್ತರದ ಉಳಿದ ಭಾಗ.

ಕಥೆ ಆರಂಭವಾಗುವುದು ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನಲ್ಲಿ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ನಮ್ಮ ಉತ್ತರ ಕನ್ನಡವು ಮುಂಬಯಿ ಪ್ರಾಂತದಿಂದ ಬಿಡುಗಡೆ ಹೊಂದಿ ಮೈಸೂರು ರಾಜ್ಯಕ್ಕೆ ಸೇರಿದ ಕಾಲವದು. ಅದರ ಮರು ಬೇಸಿಗೆಯಲ್ಲಿ, ಅಂದರೆ 1957ರಲ್ಲಿ, ಸೊರಬದ ಕ್ಯಾಸನೂರು ಎಂಬ ಹಳ್ಳಿಯ ಸುತ್ತಲ ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಕಪ್ಪು ಮುಖದ ಮುಸಿಯಗಳೂ ಸತ್ತವು, ಕೆಂಪು ಮಂಗಗಳೂ ಸತ್ತವು. ಅದೇ ಹೊತ್ತಿಗೆ ಕಾಡಿಗೆ ಸೌದೆಗೆ, ಸೊಪ್ಪಿಗೆ, ದನ ಮೇಯಿಸಲು ಹೋಗುತ್ತಿದ್ದ ಜನರಿಗೆ ಜ್ವರ ಹಿಡಿಯಿತು. ಇಂಥ ಜ್ವರ ಹಿಂದಿನ ವರ್ಷವೂ ಕೆಲವರಿಗೆ ಬಂದಿತ್ತು ಎಂಬುದು ಆಮೇಲೆ ವಿಚಾರಿಸಿದಾಗ ತಿಳಿದುಬಂದ ಸಂಗತಿ. ಆಗ ಅದನ್ನು ವಿಷಮಶೀತಜ್ವರದ ಲೆಕ್ಕಕ್ಕೆ ಸೇರಿಸಲಾಗಿತ್ತು.

ಮಂಗ ಸತ್ತರೆ ವಿಜ್ಞಾನಿಗಳು ಏಕೆ ಓಡಿ ಬರಬೇಕು ಎಂದು ನೀವು ಕೇಳಬಹುದು. ಅದಕ್ಕೆ ಒಂದು ಕಾರಣವಿತ್ತು. ದಕ್ಷಿಣ ಅಮೇರಿಕದ ಕಾಡುಗಳಲ್ಲಿ ಮಂಗಗಳು ಸಾಯುವುದು ಹಳದಿ ಜ್ವರದ ಮುನ್ಸೂಚನೆ. ಆ ಜ್ವರವನ್ನು ಹರಡುವ ಜಾತಿಯ ಸೊಳ್ಳೆ ಭಾರತದಲ್ಲಿ ಧಾರಾಳವಾಗಿದೆ, ಆದರೆ ಆ ಜ್ವರ ಮಾತ್ರ ಈ ದೇಶಕ್ಕೆ ಎಂದೂ ಕಾಲಿಟ್ಟಿಲ್ಲ. ಕಾಲಿಟ್ಟಿದ್ದರೆ ಆಗುವ ಅನಾಹುತವನ್ನು ಊಹಿಸುವುದೂ ಕಷ್ಟ. ಪುಣೆಯಲ್ಲಿ 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಕ್‌ಫೆಲ್ಲರ್ ಪ್ರತಿಷ್ಠಾನ ಸೇರಿ ಆರಂಭಿಸಿದ್ದ ವೈರಾಣು ಸಂಶೋಧನಾ ಕೇಂದ್ರಕ್ಕೆ (ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ) ಸೊರಬದ ಸುದ್ದಿ ತಲುಪಿದಾಗ ಅಲ್ಲಿಯ ನಿರ್ದೇಶಕರಾಗಿದ್ದ ಡಾ. ಟೆಲ್ಫರ್ಡ್ ವರ್ಕ್ ಅವರ ಮನಸ್ಸಿನಲ್ಲಿ ಹುಟ್ಟಿದ್ದು ಇದೇ ಭಯ. ಅವರು, ಹೆರಾಲ್ಡ್ ಟ್ರಪಿಡೊ ಮತ್ತು ಭಾರತೀಯ ಸಹೋದ್ಯೋಗಿಗಳು ಕ್ಯಾಸನೂರಿಗೆ ಧಾವಿಸಿದರು. ಸತ್ತ ಮಂಗಗಳ ಅಂಗಾಂಶಗಳಿಂದಲೂ ರೋಗಿಗಳ ರಕ್ತದಿಂದಲೂ ಒಂದೇ ವೈರಾಣುವನ್ನು ಬೇರ್ಪಡಿಸಲಾಯಿತು. ಅದು ಹಳದಿ ಜ್ವರದ್ದಾಗಿರಲಿಲ್ಲ. ಆದರೆ ಅದರ ಬಂಧುಬಳಗವನ್ನು ಪತ್ತೆ ಮಾಡಿದಾಗ ಎಲ್ಲರೂ ಬೆರಗಾದರು. ಅದರ ಹತ್ತಿರದ ಸಂಬಂಧಿಗಳು ಇದ್ದದ್ದು ಸಹಸ್ರಾರು ಮೈಲಿ ದೂರದ ರಷ್ಯದಲ್ಲಿ, ಸೈಬೀರಿಯದ ಹಿಮದ ಕಾಡುಗಳಲ್ಲಿ!

ಇಲ್ಲಿ ಸ್ವಲ್ಪ ಸೈಬೀರಿಯಕ್ಕೆ ಹೋಗಿ ಬರೋಣ. 1937ರಲ್ಲಿ ಸೋವಿಯತ್ ದೂರಪ್ರಾಚ್ಯದ ಕಾಡುಗಳಲ್ಲಿ ಸೈನಿಕರಿಗೂ ಮರ ಕಡಿಯುವವರಿಗೂ ಮೆದುಳಿನ ಜ್ವರವೊಂದು ತಗುಲುತ್ತಿತ್ತು. ಲೆವ್ ಜಿಲ್ಬರ್ ಎಂಬ ವಿಜ್ಞಾನಿಯ ತಂಡ ಅಲ್ಲಿಗೆ ಹೋಗಿ, ಅದು ಕಾಡಿನ ಉಣುಗಿನಿಂದ ಹರಡುವ ವೈರಾಣು ರೋಗವೆಂದು ಒಂದೇ ಋತುವಿನಲ್ಲಿ ತೋರಿಸಿಕೊಟ್ಟಿತು. ಇದಕ್ಕೆ ಜಿಲ್ಬರರಿಗೆ ಸಿಕ್ಕ ಬಹುಮಾನ ಸೆರೆಮನೆ. ಅದೇ ವರ್ಷ ಸುಳ್ಳು ಆರೋಪದ ಮೇಲೆ ಅವರನ್ನು ಬಂಧಿಸಲಾಯಿತು. ಮುಂದೆ 1940ರ ದಶಕದಲ್ಲಿ ಪಶ್ಚಿಮ ಸೈಬೀರಿಯದ ಓಮ್ಸ್ಕ್ ಪ್ರಾಂತದಲ್ಲಿ ಇನ್ನೊಂದು ಜ್ವರ ಕಾಣಿಸಿಕೊಂಡಿತು. ಅದರ ಕಥೆ ನಮ್ಮದಕ್ಕೆ ಎಷ್ಟು ಹತ್ತಿರವೆಂದರೆ, ಹೆಸರು ಬದಲಾಯಿಸಿದರೆ ಸಾಕು ಎನ್ನಿಸುತ್ತದೆ. ತುಪ್ಪಳಕ್ಕಾಗಿ 1920ರ ದಶಕದ ಕೊನೆಯಿಂದ ಉತ್ತರ ಅಮೇರಿಕದ ಮಸ್ಕ್‌ರಾಟ್ ಎಂಬ ನೀರಿಲಿಯನ್ನು ತಂದು ಅಲ್ಲಿಯ ಕೆರೆ-ಜೌಗುಗಳಲ್ಲಿ ಬಿಡಲಾಗಿತ್ತು. ಆ ನೆಲದ ಹಳೆಯ ವೈರಾಣು ಈ ಹೊಸ ಅತಿಥಿಯನ್ನು ಹೊಕ್ಕಿತು. ನೀರಿಲಿಗಳು ರಾಶಿ ರಾಶಿ ಸತ್ತವು. ಅವುಗಳನ್ನು ಹಿಡಿದು ಚರ್ಮ ಸುಲಿಯುತ್ತಿದ್ದ ಬೇಟೆಗಾರರೂ ಅವರ ಮನೆಯವರೂ ರಕ್ತಸ್ರಾವದ ಜ್ವರದಿಂದ ಮಲಗಿದರು. ಓಮ್ಸ್ಕಿನಲ್ಲಿ ನೀರಿಲಿ, ಕ್ಯಾಸನೂರಿನಲ್ಲಿ ಮಂಗ. ಪ್ರಾಣಿಯ ಸಾವು ಮನುಷ್ಯನ ಜ್ವರದ ಮುಂಗಡ ಓಲೆಯಾಗಿ ಬಂದದ್ದು ಎರಡೂ ಕಡೆ ಒಂದೇ ರೀತಿ.

ಹಾಗಾದರೆ ಸೈಬೀರಿಯದ ರೋಗದ ತಮ್ಮ ಸೊರಬಕ್ಕೆ ಬಂದದ್ದಾದರೂ ಹೇಗೆ? ಆಗ ತೋರಿದ ಒಂದು ಉತ್ತರ ವಲಸೆ ಹಕ್ಕಿಗಳು. ಚಳಿಗಾಲದಲ್ಲಿ ಉತ್ತರದಿಂದ ಬರುವ ಹಕ್ಕಿಗಳ ಮೈಮೇಲೆ ಉಣುಗುಗಳು ಬಂದಿರಬಹುದೇ ಎಂಬ ಶಂಕೆಯಿಂದ, ವಿಶ್ವ ಆರೋಗ್ಯ ಸಂಸ್ಥೆಯ ಆಸಕ್ತಿಯೊಂದಿಗೆ, ಪ್ರಸಿದ್ಧ ಪಕ್ಷಿತಜ್ಞ ಸಲೀಂ ಅಲಿ ಅವರ ಮುಂದಾಳ್ತನದಲ್ಲಿ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸ ಕೈಗೊಂಡಿತು. ಮುಂದೆ ಆ ಕೆಲಸಕ್ಕೆ ಅಮೇರಿಕದ ಸೈನ್ಯದ ಹಣವೂ ಬಂದಿತೆಂಬ ಕಾರಣಕ್ಕೆ, ಇದು ಜೈವಿಕ ಯುದ್ಧದ ತಯಾರಿಯೇ ಎಂಬ ಗುಲ್ಲೆದ್ದು, 1970ರ ದಶಕದಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯವರೆಗೂ ವಿಷಯ ಹೋಯಿತು. ನಮ್ಮ ಹಳ್ಳಿಗಳಲ್ಲಿ “ಇದು ಹೊರದೇಶದವರು ತಂದು ಬಿಟ್ಟ ರೋಗ” ಎಂಬ ಮಾತು ಕೇಳಿದರೆ ಅದರ ಬೇರಿನ ಒಂದು ಎಳೆ ಇಲ್ಲಿದೆ. ಹಕ್ಕಿಗಳು ಈ ವೈರಾಣುವನ್ನು ತಂದವೆಂಬುದಕ್ಕೆ ಗಟ್ಟಿಯಾದ ಸಾಕ್ಷ್ಯ ಮಾತ್ರ ದೊರೆಯಲಿಲ್ಲ. ಆಮೇಲೆ 1990ರ ದಶಕದಲ್ಲಿ ಸೌದಿ ಅರೇಬಿಯದ ಜೆದ್ದಾ ನಗರದಲ್ಲಿ ಮಾಂಸ ಕಡಿಯುವ ಕಸುಬಿನವರಲ್ಲಿ ಒಂದು ವೈರಾಣು ಪತ್ತೆಯಾಯಿತು. ಅಲ್‌ಖುರ್ಮಾ ಎಂಬ ಹೆಸರಿನ ಅದು ಕ್ಯಾಸನೂರಿನ ವೈರಾಣುವಿಗೆ ಒಡಹುಟ್ಟಿದಂತಿದೆ. ಭಟ್ಕಳದವರಿಗೆ ಜೆದ್ದಾ ದೂರದ ಊರಲ್ಲ. ಎಷ್ಟೋ ಮನೆಗಳ ಒಲೆ ಉರಿಯುವುದು ಆ ಕಡೆಯ ದುಡಿಮೆಯಿಂದ. ಆದರೆ ಈ ಎರಡು ವೈರಾಣುಗಳ ನಂಟು ಮನುಷ್ಯರ ಈಚಿನ ಓಡಾಟಕ್ಕಿಂತ ಬಹಳ ಹಳೆಯದು.

ಈಗ ಉಣುಗಿನ ವಿಷಯಕ್ಕೆ ಬರೋಣ. ರೋಗಕ್ಕೆ ಮಂಗನ ಹೆಸರು ಬಂದದ್ದು ಮಂಗನಿಗೆ ಆದ ಅನ್ಯಾಯ ಎಂದು ನನ್ನ ಅಭಿಪ್ರಾಯ. ಮಂಗನೂ ನಮ್ಮಂತೆಯೇ ರೋಗಿ. ರೋಗವನ್ನು ದಾಟಿಸುವುದು ಉಣುಗು. ಪತ್ರಿಕೆಯವರು ಉಣ್ಣೆ ಎಂದು ಬರೆಯುತ್ತಾರೆ, ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬುದು ಶಾಸ್ತ್ರಜ್ಞರು ಇಟ್ಟ ಹೆಸರು. ಮಳೆಗಾಲ ಕಳೆದ ಮೇಲೆ ಮೊಟ್ಟೆಯೊಡೆದು ಬರುವ ಮರಿಗಳು ಇಲಿ, ಮೂಗಿಲಿ, ಹಕ್ಕಿ, ಮಂಗ ಹೀಗೆ ಸಿಕ್ಕ ಜೀವಿಯ ರಕ್ತ ಹೀರುತ್ತವೆ. ಆ ಜೀವಿಯ ರಕ್ತದಲ್ಲಿ ವೈರಾಣು ಇದ್ದರೆ ಅದು ಮರಿಯ ಹೊಟ್ಟೆ ಸೇರುತ್ತದೆ. ಮರಿ ಪೊರೆ ಕಳಚಿ ಸಾಸಿವೆಯಷ್ಟು ದೊಡ್ಡದಾದ ಮೇಲೂ ವೈರಾಣು ಒಳಗೇ ಉಳಿದಿರುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ, ಕಾಡಿನ ತರಗೆಲೆಗಳ ಮೇಲೆ ಕಾದು ಕುಳಿತು ಮನುಷ್ಯನ ಕಾಲಿಗೆ ಹತ್ತುವುದು ಈ ಎಳೆಯ ಉಣುಗೇ. ಬೆಳೆದು ದೊಡ್ಡದಾದದ್ದು ದನಗಳನ್ನು ಹಿಡಿಯುತ್ತದೆ. ದನಕ್ಕೆ ರೋಗ ಬರುವುದಿಲ್ಲ, ಆದರೆ ಉಣುಗಿನ ವಂಶ ಬೆಳೆಯಲು ಅದರ ರಕ್ತವೇ ಅನ್ನ.

ಮಂಗನ ಪಾತ್ರ ಹೀಗೆ. ಒಂದು ಮಂಗಕ್ಕೆ ಸೋಂಕು ತಗುಲಿದಾಗ ಅದರ ರಕ್ತದಲ್ಲಿ ವೈರಾಣು ಅಪಾರವಾಗಿ ಹೆಚ್ಚುತ್ತದೆ. ಅದು ಸತ್ತು ನೆಲಕ್ಕೆ ಬಿದ್ದಾಗ ಮೈಮೇಲಿದ್ದ ನೂರಾರು ಉಣುಗುಗಳು ತಣ್ಣಗಾದ ಶವವನ್ನು ಬಿಟ್ಟು ಸುತ್ತ ಹರಡುತ್ತವೆ. ಮಂಗ ಸತ್ತ ಜಾಗ ಹಲವು ದಿನಗಳವರೆಗೆ ಅಪಾಯದ ಕೇಂದ್ರವಾಗುವುದು ಇದರಿಂದ. ಆ ಕಾರಣಕ್ಕೆ ಸತ್ತ ಮಂಗ ಕಂಡರೆ ಮುಟ್ಟಬಾರದು, ಕೂಡಲೇ ಅರಣ್ಯ ಅಥವಾ ಆರೋಗ್ಯ ಇಲಾಖೆಯವರಿಗೆ ತಿಳಿಸಬೇಕು. ಅವರು ಬಂದು ಶವದಿಂದ ಮಾದರಿ ತೆಗೆದು, ಶವ ಸುಟ್ಟು, ಸುತ್ತ ಐವತ್ತು ಮೀಟರಿನಷ್ಟು ಜಾಗಕ್ಕೆ ಮೆಲಾಥಿಯಾನ್ ಪುಡಿ ಹಾಕುತ್ತಾರೆ. ರೋಗ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಇದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ರೋಗಿಯ ಮನೆಗೆ ನೆರೆಯವರು ಕಾಲಿಡದೆ ದೂರ ಇಟ್ಟ ಪ್ರಸಂಗಗಳನ್ನು ನಾನು ಕೇಳಿದ್ದೇನೆ.

ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಏಕಾಏಕಿ ಜ್ವರ, ವಿಪರೀತ ತಲೆನೋವು, ಸೊಂಟ-ಕಾಲುಗಳ ನೋವು. ವಾಂತಿ ಭೇದಿ ಇರಬಹುದು, ಮೂಗು ವಸಡುಗಳಿಂದ ರಕ್ತ ಬರಬಹುದು. ಹೆಚ್ಚಿನವರು ಎರಡು ವಾರಗಳಲ್ಲಿ ಏಳುತ್ತಾರೆ, ಆದರೆ ನಿಶ್ಶಕ್ತಿ ತಿಂಗಳುಗಟ್ಟಲೆ ಕಾಡುತ್ತದೆ. ಕೆಲವರಿಗೆ ಜ್ವರ ಬಿಟ್ಟು ಮತ್ತೆ ಮರಳುತ್ತದೆ, ಆಗ ನಡುಕ, ಮಂಕು, ದೃಷ್ಟಿದೋಷ ತಲೆದೋರುತ್ತವೆ. ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಈ ವೈರಾಣುವನ್ನೇ ಕೊಲ್ಲುವ ಔಷಧಿ ಇಲ್ಲ. ನೀರು, ಗ್ಲೂಕೋಸು, ಬೇಕಾದರೆ ರಕ್ತ, ಮತ್ತು ಎಚ್ಚರದ ಆರೈಕೆ, ಇಷ್ಟೇ ಚಿಕಿತ್ಸೆ. ಹೀಗಾಗಿ ಆಸ್ಪತ್ರೆ ಎಷ್ಟು ಬೇಗ ತಲುಪಿದರು ಎಂಬುದರ ಮೇಲೆಯೇ ಬದುಕು ನಿಂತಿರುತ್ತದೆ. ಬಸ್ಸು ದಿನಕ್ಕೆ ಎರಡು ಬಾರಿ ಬರುವ ಊರಿನವರಿಗೆ ಅದರ ಅರ್ಥವೇನೆಂದು ವಿವರಿಸಬೇಕಿಲ್ಲ.

1957ರ ಆ ಮೊದಲ ಋತುವಿನಲ್ಲಿ ದಾಖಲಾದ ರೋಗಿಗಳು 466. ಪುಣೆಯ ಪ್ರಯೋಗಾಲಯದಲ್ಲಿ ದುಡಿಯುತ್ತಿದ್ದವರಿಗೂ ಸೋಂಕು ತಗುಲಿತು. ಸಾಗರದಲ್ಲಿ ಕ್ಷೇತ್ರ ಕೇಂದ್ರವೊಂದನ್ನು ತೆರೆದು ವಿಜ್ಞಾನಿಗಳು ವರ್ಷಗಟ್ಟಲೆ ಕಾಡಿನಲ್ಲಿ ಉಣುಗು ಹೆಕ್ಕಿದರು, ಇಲಿ ಹಿಡಿದರು, ಮಂಗಗಳನ್ನು ಎಣಿಸಿದರು. ಅವರಲ್ಲಿ ಒಬ್ಬರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಕೊಲಂಬಿಯ ದೇಶದ ಡಾ. ಹೋರ್ಹೆ ಬೊಶೆಲ್ ಹಿಂದೆ ತಮ್ಮ ನಾಡಿನ ಕಾಡಿನಲ್ಲಿ ಹಳದಿ ಜ್ವರದ ಗುಟ್ಟು ಹುಡುಕುತ್ತಿದ್ದಾಗ, ಮರ ಕಡಿಯುವವರು ಒಂದು ದೊಡ್ಡ ಮರವನ್ನು ಉರುಳಿಸಿದ್ದನ್ನು ಕಂಡರು. ಮರದೊಂದಿಗೆ ಅದರ ತುದಿಯಲ್ಲಿ ವಾಸವಾಗಿದ್ದ ನೀಲಿ ಸೊಳ್ಳೆಗಳ ಮೋಡವೇ ಕೆಳಗಿಳಿದು ಆ ಕೂಲಿಗಳನ್ನು ಮುತ್ತಿತು. ಮಂಗಗಳ ನಡುವೆ ಮರದ ತುದಿಯಲ್ಲೇ ಸುತ್ತುತ್ತಿದ್ದ ರೋಗ ಕೊಡಲಿಯ ಮೂಲಕ ಮನುಷ್ಯರಿಗೆ ಇಳಿಯುತ್ತಿತ್ತು. ಆ ಕಣ್ಣುಗಳನ್ನೇ ಹೊತ್ತು ಬೊಶೆಲ್ ಸಾಗರ-ಸೊರಬಕ್ಕೆ ಬಂದರು.

ಅವರು 1969ರಲ್ಲಿ ಪ್ರಕಟಿಸಿದ ವಾದದ ಸಾರ ಇದು: ವೈರಾಣು ಬಹುಶಃ ಈ ಕಾಡಿಗೆ ಹೊಸದಲ್ಲ. ಇಲಿ-ಮೂಗಿಲಿ-ಉಣುಗುಗಳ ನಡುವೆ ಯಾರಿಗೂ ತಿಳಿಯದಂತೆ ಅದು ಸುತ್ತುತ್ತಿತ್ತು. ಹೊಸದಾದದ್ದು ನಮ್ಮ ನಡವಳಿಕೆ. ಜನಸಂಖ್ಯೆ ಏರಿತು, ಗದ್ದೆಗಾಗಿ ಕಾಡು ತುಂಡು ತುಂಡಾಯಿತು. ಕಡಿದ ಅಂಚಿನಲ್ಲಿ ಲಂಟಾನ ಪೊದೆ ಬೆಳೆಯಿತು, ಪೊದೆಯಲ್ಲಿ ಇಲಿಗಳು ನೆಲೆಸಿದವು. ಹೆಚ್ಚಿದ ದನಗಳನ್ನು ಅದೇ ಅಂಚಿಗೆ ಮೇಯಲು ಬಿಟ್ಟಾಗ ದೊಡ್ಡ ಉಣುಗುಗಳಿಗೆ ಬೇಕಾದಷ್ಟು ರಕ್ತ ಸಿಕ್ಕಿತು. ಉಣುಗಿನ ಸಂಖ್ಯೆ ಏರಿತು. ಮಂಗ, ಮನುಷ್ಯ ಇಬ್ಬರೂ ಅದೇ ಅಂಚಿನಲ್ಲಿ ಓಡಾಡುವವರು.

ಈ ವಾದ ಎಷ್ಟು ನಿಜವೆಂಬುದನ್ನು ಮುಂದಿನ ಒಂದು ದುರಂತ ತೋರಿಸಿತು. 1982-83ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲೂಕಿನಲ್ಲಿ, ನಿಡ್ಲೆ ಮೀಸಲು ಅರಣ್ಯದ ಸುತ್ತ, ಅದುವರೆಗೆ ರೋಗವೇ ಇಲ್ಲದ ಜಾಗದಲ್ಲಿ ಅದು ಹೊತ್ತಿ ಉರಿಯಿತು. ಗೇರು ತೋಟ ಎಬ್ಬಿಸಲೆಂದು ಅಲ್ಲಿ ಹಳೆಯ ಕಾಡನ್ನು ಕಡಿಯಲಾಗಿತ್ತು. ಮೊದಲು ಬಿದ್ದವರು ಕಾಡು ಕಡಿಯಲು ಹೋದ ಕೂಲಿಗಳು. ರೋಗಿಗಳ ಸಂಖ್ಯೆ ಸಾವಿರವನ್ನೂ ಸಾವು ನೂರನ್ನೂ ದಾಟಿತು. ಆಗ ಆ ಸೀಮೆಯಲ್ಲಿದ್ದ ಅಮೇರಿಕದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1987ರಲ್ಲಿ ಬರೆದ ಪ್ರಬಂಧದಲ್ಲಿ ಇದನ್ನು ಅಭಿವೃದ್ಧಿಯ ರೋಗವೆಂದೇ ಕರೆದರು. ಊರವರು ಮಾತ್ರ, ಕಾಡನ್ನು ಕಾಯುವ ಭೂತಗಳ ನೆಲೆಯನ್ನು ಕೆಡಿಸಿದ್ದಕ್ಕೆ ಬಂದ ಕೋಪ ಇದೆಂದು ನಂಬಿದರು. ನಾವು ಸೆಮಿನರಿಯಲ್ಲಿ ಕಲಿತವರು ಇದನ್ನು ಮೂಢನಂಬಿಕೆ ಎಂದು ಬದಿಗಿಡಲು ಅವಸರ ಮಾಡುತ್ತೇವೆ. ಆದರೆ ಪ್ರಿಯ ಓದುಗರೇ, ಕಾಡು ಕಡಿದದ್ದಕ್ಕೂ ಜ್ವರಕ್ಕೂ ಸಂಬಂಧವಿದೆ ಎಂಬುದನ್ನು ಆ ಕೂಲಿಗಳು ಮೊದಲ ದಿನವೇ ಸರಿಯಾಗಿ ಹಿಡಿದಿದ್ದರು ಎಂಬುದನ್ನು ಒಪ್ಪಲೇಬೇಕು.

ಅಷ್ಟರಲ್ಲಿ ರೋಗ ಸೊರಬದಿಂದ ಸಾಗರ, ಶಿಕಾರಿಪುರ, ಹೊಸನಗರ, ತೀರ್ಥಹಳ್ಳಿಗಳಿಗೆ ಹಬ್ಬಿ, ನಮ್ಮ ಜಿಲ್ಲೆಯಲ್ಲಿ ಸಿದ್ದಾಪುರವನ್ನು ಹಿಡಿದು, ಘಟ್ಟವಿಳಿದು ಹೊನ್ನಾವರ, ಕುಮಟಾ, ಭಟ್ಕಳದ ಒಳಭಾಗಗಳಿಗೂ ಬಂದಿತು. ಜೋಗದಿಂದ ಗೇರಸೊಪ್ಪೆಗೆ ಇಳಿಯುವ ದಾರಿಯನ್ನೋ, ಕೋಗಾರು ಘಟ್ಟದಿಂದ ಭಟ್ಕಳಕ್ಕೆ ಬರುವ ದಾರಿಯನ್ನೋ ಬಲ್ಲವರಿಗೆ ಇದು ಆಶ್ಚರ್ಯವೇನಲ್ಲ. ಮಂಗಗಳಿಗೆ ಜಿಲ್ಲೆಯ ಗಡಿ ಗೊತ್ತಿಲ್ಲ. ಯಾರಿಗೆ ಬಂದಿತು ಎಂದು ನೋಡಿದರೆ ಅಡಿಕೆ ತೋಟಕ್ಕೆ ಸೊಪ್ಪು, ದರಕು ತರಲು ಬೆಟ್ಟಕ್ಕೆ ಹೋಗುವವರಿಗೆ, ಸೌದೆ ಹೊರುವ ಹೆಂಗಸರಿಗೆ, ದನ ಕಾಯುವ ಮಕ್ಕಳಿಗೆ, ಕಾಡಿನ ನಡುವಿನ ಹಾಡಿಗಳಲ್ಲಿ ವಾಸಿಸುವ ಬಡವರಿಗೆ. ಉತ್ತರ ಕನ್ನಡದ ಅಡಿಕೆ ತೋಟದ ಬೇಸಾಯ ನಿಂತಿರುವುದೇ ಸೊಪ್ಪಿನ ಬೆಟ್ಟದ ಮೇಲೆ. ದರಕು ಗುಡಿಸುವ ಕಾಲ, ಉಣುಗು ಹತ್ತುವ ಕಾಲ, ಎರಡೂ ಒಂದೇ. ಬೆಟ್ಟಕ್ಕೆ ಹೋಗಬೇಡಿ ಎಂದು ಪ್ರಕಟಣೆ ಹೊರಡಿಸುವುದು ಸುಲಭ. ಆ ದಿನದ ಕೂಲಿಯನ್ನು ಕೊಡುವವರು ಯಾರು?

ಯುವ ಯಾಜಕನಾಗಿದ್ದಾಗ ಹೊನ್ನಾವರದ ಮೇಲ್ಭಾಗದ ಒಂದು ಹಳ್ಳಿಗೆ ರೋಗಿಯೊಬ್ಬರನ್ನು ಕಾಣಲು ಹೋಗಿದ್ದೆ. ತಾಯಿ ಚಾಪೆಯ ಮೇಲೆ ಮಲಗಿದ್ದಳು, ಬೆಳಕು ಕಣ್ಣಿಗೆ ಬೀಳಬಾರದೆಂದು ಮುಖಕ್ಕೆ ಸೆರಗು ಎಳೆದುಕೊಂಡಿದ್ದಳು. ಗೋಡೆಯ ಗೂಡಿನಲ್ಲಿ ಡಿಎಂಪಿ ಎಣ್ಣೆಯ ಶೀಶೆ ಮುಚ್ಚಳವನ್ನೂ ತೆರೆಯದೆ ಕುಳಿತಿತ್ತು. ಕಾಡಿಗೆ ಹೋಗುವ ಮುನ್ನ ಕೈಕಾಲಿಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಹಂಚುತ್ತಿದ್ದ ಎಣ್ಣೆ ಅದು. “ಹಚ್ಚಲಿಲ್ಲವೇನಮ್ಮಾ?” ಎಂದೆ. ಮಗ ಉತ್ತರ ಕೊಟ್ಟ: “ಜಿಗುಟು ಜಿಗುಟು ಆಗ್ತದೆ ಫಾದರ್, ವಾಸನೆ ಬೇರೆ. ಬೆವರಿಗೆ ತೊಳೆದು ಹೋಗ್ತದೆ.” ಆ ಎಣ್ಣೆಯನ್ನು ಹಂಚಿದವರು ಅದನ್ನು ಮೈಗೆ ಹಚ್ಚಿ ಏಪ್ರಿಲ್ ತಿಂಗಳ ಬಿಸಿಲಲ್ಲಿ ಒಂದು ದಿನ ದರಕು ಹೊತ್ತಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನ್ನಿಸಿತು. ಆ ತಾಯಿ ಬದುಕಿದಳು. ಆದರೆ ಮಳೆಗಾಲ ಮುಗಿಯುವವರೆಗೆ ಗದ್ದೆಗಿಳಿಯಲು ಆಗಲಿಲ್ಲ. ಈಗ ಡಿಎಂಪಿಯ ಬದಲಿಗೆ ರಕ್ಷಣಾ ಸಂಶೋಧನಾ ಸಂಸ್ಥೆಯವರು ರೂಪಿಸಿದ ಡೆಪಾ ಎಂಬ ಎಣ್ಣೆಯನ್ನು ಕೊಡಲಾಗುತ್ತಿದೆ.

ಲಸಿಕೆಯ ಕಥೆ ಇನ್ನೂ ದೀರ್ಘ, ಇನ್ನೂ ನೋವಿನದು. ಮೊದಲು ರಷ್ಯದ ರೋಗಕ್ಕಾಗಿ ತಯಾರಾಗಿದ್ದ ಲಸಿಕೆಯನ್ನು ಇಲ್ಲಿ ಪ್ರಯೋಗಿಸಿ ನೋಡಲಾಯಿತು. ಬಂಧುಗಳಾದರೂ ಒಬ್ಬನ ಬೀಗದ ಕೈ ಇನ್ನೊಬ್ಬನ ಮನೆಗೆ ಸಲ್ಲಲಿಲ್ಲ. ಆಮೇಲೆ ಕೋಳಿಮೊಟ್ಟೆಯ ಭ್ರೂಣದ ಜೀವಕೋಶಗಳಲ್ಲಿ ವೈರಾಣು ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ನಮ್ಮದೇ ಲಸಿಕೆ ಸಿದ್ಧವಾಯಿತು. ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆರರಿಂದ ಒಂಬತ್ತು ತಿಂಗಳಲ್ಲಿ ಮತ್ತೊಂದು, ಬಳಿಕ ಐದು ವರ್ಷ ಪ್ರತಿವರ್ಷ ಒಂದು. 1990ರ ದಶಕದ ಆರಂಭದ ಅಧ್ಯಯನದಲ್ಲಿ ಎರಡು ಚುಚ್ಚುಮದ್ದು ಪಡೆದವರಿಗೆ ನೂರಕ್ಕೆ ತೊಂಬತ್ತಕ್ಕೂ ಮೀರಿದ ರಕ್ಷಣೆ ಕಂಡುಬಂದಿತ್ತು. 2005ರಿಂದ 2010ರವರೆಗಿನ ದಾಖಲೆಗಳನ್ನು ಪರಿಶೀಲಿಸಿದಾಗ ಅದು ಎರಡು ಚುಚ್ಚುಮದ್ದಿಗೆ ನೂರಕ್ಕೆ 62ರಷ್ಟಕ್ಕೆ ಇಳಿದಿತ್ತು. ಹೆಚ್ಚುವರಿ ಚುಚ್ಚುಮದ್ದನ್ನೂ ಪಡೆದವರಿಗೆ ಮಾತ್ರ 83ರಷ್ಟಿತ್ತು. ಚುಚ್ಚಿದ ಜಾಗ ಬಹಳ ನೋಯುತ್ತಿತ್ತು. ಕೂಲಿಗೆ ಹೋಗುವವರು ಎರಡನೆಯದಕ್ಕೆ ಬರಲೇ ಇಲ್ಲ. ಬಾರದವರನ್ನು ಬೈಯುವುದಕ್ಕಿಂತ ಮುಂಚೆ ನಾವು ಇದನ್ನೂ ತಿಳಿದಿರಬೇಕು: ಲಸಿಕೆಯ ಶಕ್ತಿ ಕುಂದಿದೆ ಎಂಬ ಸಂಶಯ ಪರೀಕ್ಷಾಲಯಗಳಲ್ಲಿ ವರ್ಷಗಳಿಂದ ಇತ್ತು, ಚುಚ್ಚಿಸಿಕೊಳ್ಳುವವನಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಕೊನೆಗೆ 2022ರ ಹೊತ್ತಿಗೆ ಆ ಲಸಿಕೆಯ ಬಳಕೆಯೇ ನಿಂತುಹೋಯಿತು. ಹೊಸ ಲಸಿಕೆಯ ಅಭಿವೃದ್ಧಿಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೆತ್ತಿಕೊಂಡಿದೆ.

ಈ ನಡುವೆ ರೋಗ ಸುಮ್ಮನಿರಲಿಲ್ಲ. 2012ರಿಂದ ಈಚೆಗೆ ಬಂಡೀಪುರ, ನೀಲಗಿರಿ, ವಯನಾಡು, ಗೋವೆಯ ಸತ್ತರಿ, ಮಹಾರಾಷ್ಟ್ರದ ದೋಡಾಮಾರ್ಗ, ಹೀಗೆ ಪಶ್ಚಿಮ ಘಟ್ಟದುದ್ದಕ್ಕೂ ಅದು ಕಾಣಿಸಿಕೊಂಡಿತು. 2018ರ ಕೊನೆಯಿಂದ 2019ರ ಬೇಸಿಗೆಯವರೆಗೆ ಸಾಗರ ತಾಲೂಕಿನ ಅರಳಗೋಡು ಪಂಚಾಯತಿಯ ಹಳ್ಳಿಗಳಲ್ಲಿ ಸಾವಿನ ಮೇಲೆ ಸಾವು ಸಂಭವಿಸಿತು. ಆ ಊರುಗಳು ನಮ್ಮ ಘಟ್ಟದ ತಲೆಯ ಮೇಲೆಯೇ ಇವೆ. 2024ರಲ್ಲಿ ನಮ್ಮ ಸಿದ್ದಾಪುರ ತಾಲೂಕು ಬಹಳ ಬಾಧೆಪಟ್ಟಿತು.

ದೂರದ ಜನ, ಪ್ರಾಣಿಗಳೊಂದಿಗೆ ಬದುಕುವ ಜನ, ಸರ್ಕಾರದ ಕಣ್ಣಿಗೆ ತಡವಾಗಿ ಬೀಳುವ ಜನ ಎಲ್ಲ ದೇಶಗಳಲ್ಲೂ ಇದ್ದಾರೆ. ಭೂಮಿಯ ಉತ್ತರ ತುದಿಯಲ್ಲಿ, ರಷ್ಯದ ಯಮಾಲ್ ಎಂಬ ಹಿಮದ ನಾಡಿನಲ್ಲಿ ನೆನೆತ್ಸ್ ಜನಾಂಗದವರು ಹಿಮಸಾರಂಗಗಳ ಮಂದೆ ಕಟ್ಟಿಕೊಂಡು ಅಲೆಯುತ್ತಾರೆ. 2016ರ ಬೇಸಿಗೆಯಲ್ಲಿ ಅಲ್ಲಿ ಹಿಂದೆಂದೂ ಕಾಣದ ಸೆಕೆ ಬಿದ್ದು, ಹೆಪ್ಪುಗಟ್ಟಿದ್ದ ನೆಲ ಕರಗಿತು. ಆ ನೆಲದಲ್ಲಿ ದಶಕಗಳಿಂದ ಮಲಗಿದ್ದ ಆಂಥ್ರಾಕ್ಸ್ ರೋಗಾಣು ಎಚ್ಚೆತ್ತಿತು ಎಂದು ತಜ್ಞರು ಹೇಳುತ್ತಾರೆ. ಎರಡು ಸಾವಿರಕ್ಕೂ ಹೆಚ್ಚು ಸಾರಂಗಗಳು ಸತ್ತವು, ಹನ್ನೆರಡು ವರ್ಷದ ಒಬ್ಬ ಹುಡುಗನೂ ಸತ್ತ. ಬಹಳ ಕಾಲ ರೋಗ ಕಾಣಿಸಿಲ್ಲವೆಂಬ ಕಾರಣಕ್ಕೆ 2007ರಲ್ಲಿ ಸಾರಂಗಗಳಿಗೆ ಲಸಿಕೆ ಹಾಕುವುದನ್ನು ಅಲ್ಲಿ ನಿಲ್ಲಿಸಲಾಗಿತ್ತು.

ಕೆನಡಾದ ಉತ್ತರದ ನುನಾವಿಕ್ ಪ್ರದೇಶದಿಂದ ಬಂದದ್ದು ಬೇರೆ ಬಗೆಯ ಸುದ್ದಿ. ಅಲ್ಲಿಯ ಇನೂಯಿಟ್ ಜನರು ವಾಲ್ರಸ್ ಎಂಬ ಕಡಲ ಪ್ರಾಣಿಯ ಮಾಂಸವನ್ನು ಹಸಿಯಾಗಿಯೋ ಹುಳಿ ಬರಿಸಿಯೋ ತಿನ್ನುತ್ತಾರೆ, ಅದರಿಂದ ಟ್ರೈಕಿನೆಲ್ಲಾ ಎಂಬ ಸೂಕ್ಷ್ಮ ಹುಳು ಮೈ ಸೇರುತ್ತಿತ್ತು. ವಾಲ್ರಸ್ ತಿನ್ನಬೇಡಿ ಎಂದು ಯಾರೂ ಫಲಕ ಹಾಕಲಿಲ್ಲ. 1990ರ ದಶಕದಿಂದ ಬೇಟೆಗಾರರು ಹೊಡೆದ ಪ್ರತಿ ಪ್ರಾಣಿಯ ನಾಲಿಗೆಯ ತುಂಡನ್ನು ಕೂಜುವಾಕ್ ಎಂಬ ಊರಿನಲ್ಲಿರುವ ತಮ್ಮದೇ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಫಲಿತಾಂಶ ಬರುವವರೆಗೆ ಮಾಂಸವನ್ನು ಹಂಚದೆ ಕಾಯುತ್ತಾರೆ. ಊಟದ ಪದ್ಧತಿ ಉಳಿಯಿತು, ರೋಗವೂ ಹತೋಟಿಗೆ ಬಂದಿತು. ಇದನ್ನು ಓದಿದಾಗ ನನಗೆ ಆ ಗೂಡಿನ ಶೀಶೆ ನೆನಪಾಯಿತು. ದರಕು ತರುವವರನ್ನೇ ಕರೆದು ಕೂರಿಸಿ, “ನಿಮಗೆ ಎಂಥ ಎಣ್ಣೆ ಬೇಕು, ಯಾವ ಹೊತ್ತಿಗೆ ಬೇಕು, ಸತ್ತ ಮಂಗನ ಸುದ್ದಿಯನ್ನು ನೀವು ಯಾರಿಗೆ ಹೇಳಿದರೆ ಬೇಗ ಮುಟ್ಟುತ್ತದೆ” ಎಂದು ನಾವು ಕೇಳಿದ್ದೇವೆಯೇ?

ಈಗ ತೆಂಗಿನಗುಂಡಿಯ ಆ ಹಿರಿಯರ ಪ್ರಶ್ನೆ. ಮೀನಿನಿಂದ ಮಂಗನ ಕಾಯಿಲೆ ಬರುವುದಿಲ್ಲ, ಕಡಲ ನೀರಿನಿಂದ ಬರುವುದಿಲ್ಲ, ಬಂದರಿನಲ್ಲಿ ಕುಳಿತವರಿಗೆ ಆ ಉಣುಗು ಹತ್ತುವುದಿಲ್ಲ. ಆದರೆ ಬಂದರಿನವರು ಬಂದರಿನಲ್ಲೇ ಕುಳಿತಿರುತ್ತಾರೆಯೇ? ಒಣಮೀನಿನ ಬುಟ್ಟಿ ಹೊತ್ತ ನಮ್ಮ ಹೆಂಗಸರು ಘಟ್ಟದ ಬುಡದ ಮನೆ ಮನೆಗೆ ಹೋಗುತ್ತಾರೆ. ಹೆಣ್ಣು ಕೊಟ್ಟ ಮನೆಗಳು ಒಳನಾಡಿನಲ್ಲಿವೆ. ಬೇಸಿಗೆಯ ರಜೆಯಲ್ಲಿ ಮಕ್ಕಳು ಅಜ್ಜಿಯ ಮನೆಗೆ ಹೋಗಿ ಗೇರುಹಣ್ಣು, ಮುರುಗಲ ಹಣ್ಣು ಎಂದು ಕಾಡಿನ ಅಂಚು ಸುತ್ತುತ್ತಾರೆ. ಹಾಗೆ ಹೋಗಿ ಬಂದವರಿಗೆ ವಾರದೊಳಗೆ ಜ್ವರ ಬಂದರೆ, ವೈದ್ಯರ ಮುಂದೆ “ನಾವು ಬಂದರಿನವರು” ಎಂದಷ್ಟೇ ಹೇಳಿದರೆ ಅವರು ಬೇರೆ ಜ್ವರವನ್ನೇ ಹುಡುಕುತ್ತಾರೆ. ಎಲ್ಲಿಗೆ ಹೋಗಿದ್ದೆವು, ಯಾವ ಕಾಡಿನ ಅಂಚಿನಲ್ಲಿ ನಡೆದೆವು ಎಂಬುದನ್ನೂ ಹೇಳಬೇಕು. ರಕ್ತದ ಮಾದರಿ ಪರೀಕ್ಷೆಗೆ ಹೋಗುವುದು ಆ ಒಂದು ಮಾತಿನಿಂದ.

ಕಾಡಿಗೆ ಹೋಗುವವರು ಮೈ ಮುಚ್ಚುವ ಬಟ್ಟೆ ತೊಡಬೇಕು, ಎಣ್ಣೆ ಹಚ್ಚಬೇಕು, ಮರಳಿದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆಯನ್ನು ಬಿಸಿನೀರಿನಲ್ಲೇ ತೊಳೆಯಬೇಕು, ತಂದ ದರಕನ್ನು ಮನೆಯ ಹತ್ತಿರ ರಾಶಿ ಹಾಕಬಾರದು. ಜ್ವರಕ್ಕೆ ಮನೆಯಲ್ಲೇ ನೋವಿನ ಮಾತ್ರೆ ನುಂಗಿ ಕೂರಬಾರದು. ಆಸ್ಪಿರಿನ್‌ನಂಥ ಮಾತ್ರೆಗಳು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಇವೆಲ್ಲ ಕರಪತ್ರದಲ್ಲಿ ಇರುವ ಮಾತುಗಳೇ, ನಾನು ಹೊಸದಾಗಿ ಹೇಳುತ್ತಿಲ್ಲ.

ಮಳೆ ಹಿಂದೆ ಸರಿದು ನವೆಂಬರ್ ಬಂದಾಗ ಸಿದ್ದಾಪುರದ, ಹೊನ್ನಾವರದ ಮೇಲ್ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ಎಣ್ಣೆಯ ಶೀಶೆಗಳನ್ನು ಚೀಲದಲ್ಲಿ ಹಾಕಿಕೊಂಡು ಮನೆಯಿಂದ ಮನೆಗೆ ನಡೆಯುತ್ತಾರೆ. ಮೊದಲು ಅವರ ಜೊತೆ ಲಸಿಕೆಯ ಪೆಟ್ಟಿಗೆಯೂ ಬರುತ್ತಿತ್ತು. ಹೋದ ಸಲ ನಾನು ಆ ಕಡೆ ಹೋದಾಗ ಒಬ್ಬ ಅಜ್ಜಿ ಕೇಳುತ್ತಿದ್ದರು: “ಸೂಜಿ ಎಲ್ಲಿ ತಂಗಿ, ಈ ವರ್ಷವೂ ತರಲಿಲ್ಲವೇ?”